ಕಳಾವರ ಒಂಬತ್ತು

ಮಲ್ಪೆಯಲ್ಲಿ ಬೋಟುಗಳಿಗೆ ಅರುವತ್ತೊಂದು ದಿನ ರಜೆ.
ಒಂದರ ಸೊಂಟಕ್ಕೆ ಒಂದನ್ನು ಕಟ್ಟಿಕೊಂಡು
ಇಡೀ ದಕ್ಕೆ ತೂಕಡಿಸುತ್ತದೆ.
ಐಸ್ ಪ್ಲಾಂಟಿನ ಹಿಂದಿನ ಶೆಡ್ಡಿನಲ್ಲಿ
ಹಳೆ ಬಲೆಯ ರಾಶಿಯೇ ನಮಗೆ ಚಾಪೆ,
ಮೀನಿನ ಕ್ರೇಟು ಕವುಚಿದರೆ ಮೇಜು.
ಅದರ ಮೇಲೆ ಇಪ್ಪತ್ತೆಂಟು.

ಐಸ್ ಲಾರಿಯ ಇದಿನಬ್ಬ,
ಅವನೆದುರು, ದಕ್ಕೆಯಲ್ಲಿ ಏಲಂ ಕೂಗುವ ಸೀತು ಕುಂದರ್.
ನನ್ನೆದುರು ವಾಸು ತಾಂಡೇಲ.
ನಾನು ಪ್ಲಾಂಟಿನ ಗುಮಾಸ್ತ,
ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲು.

ನಾಲ್ಕೇ ಎಲೆ ಕೈಗೆ ಬಂದಾಗ ಸೀತಕ್ಕ ಕೂಗಿದರು:
ಹತ್ತೊಂಬತ್ತು.
ಉಳಿದ ನಾಲ್ಕು ಇನ್ನೂ ಕಟ್ಟಿನಲ್ಲೇ ಇದ್ದವು.
ತುರುಪು ಕವುಚಿ, ಮೇಲೆ ಚಾ ಗ್ಲಾಸು ಇಟ್ಟರು.
ಬುಟ್ಟಿಯ ಮೇಲಿನ ಸಾಲು ಬಂಗುಡೆ ನೋಡಿ
ಅಡಿಯ ಸಾಲಿಗೂ ಬೆಲೆ ಕಟ್ಟುವವರಿಗೆ
ಇದೇನು ಹೊಸತಲ್ಲ.

ಆಟ ತಿರುಗಿ ತಿರುಗಿ ಕೊನೆಗೆ
ಒಬ್ಬೊಬ್ಬರ ಕೈಯಲ್ಲಿ ಎರಡೆರಡು.
ತುರುಪೆಲ್ಲ ಖರ್ಚಾಗಿತ್ತು.
ಕಳಾವರ ಒಂಬತ್ತು ಮಾತ್ರ
ಇನ್ನೂ ಯಾರೂ ಕಾಣದ್ದು.

ಸೀತಕ್ಕನ ಹೆಬ್ಬೆರಳು
ಉಳಿದ ಬೆರಳುಗಳ ಗೆರೆ ಹತ್ತಿ ಇಳಿಯಿತು.
ಕಾಣದ ಎಲೆ ಆರು, ಮೂವರ ಹತ್ತಿರ.
ಇದಿನಬ್ಬನ ಪಾಲಿಗೆ ಮೂರಕ್ಕೊಂದು.
ತಾಂಡೇಲ ಗುಲಾಮನಿಂದ ಗೆದ್ದ ಮೇಲೆ
ಕಳಾವರ ಬಿಟ್ಟು ಡೈಮನ್ ಎಳೆದಿದ್ದ.
ಒಂಬತ್ತಿದ್ದಿದ್ದರೆ ಬಿಡುವ ಜೀವವಾ ಅದು?
ಅವನನ್ನು ತೆಗೆದರೆ ಉಳಿದದ್ದು ನಾಲ್ಕು ಎಲೆ, ಇಬ್ಬರು.
ಅರ್ಧಕ್ಕರ್ಧ.
ಆಮೇಲೆ ನಾನು.
ಜೊತೆಗಾರನ ಗುಲಾಮ ಗೆಲ್ಲುತ್ತಿರುವಾಗ
ನನ್ನ ಕೈಯಿಂದ ಬಿದ್ದದ್ದು ಬರೀ ಏಳು.
ಒಂಬತ್ತು ಇದ್ದವ ಆ ಎರಡು ಪಾಯಿಂಟು
ಅಲ್ಲೇ ಸುರಿಯದೆ ಇರುತ್ತಾನಾ?
ಇದಿನಬ್ಬನಾದರೆ ಅಡಗಿಸಿಯೇ ಇಡುತ್ತಿದ್ದ.
ಬಿದ್ದ ಎಲೆ ಒಂದು ಮಾತು ಹೇಳಿದರೆ
ಬೀಳದ ಎಲೆ ಎರಡು ಹೇಳುತ್ತದೆ.

ಇನ್ನೊಂದು ದಾರಿ ಆಟೀನು, ಅದು ಮೂರಕ್ಕೊಂದೇ.
ಕಳಾವರದ್ದು ಅರ್ಧಕ್ಕಿಂತ ಎಷ್ಟೋ ಮೇಲೆ.

ಎಕ್ಕ ಇಳಿಯಿತು.
ಅದರ ಮೇಲೆ ನಾನು ಒಂಬತ್ತು ಹಾಕಿದೆ.

ಗೋಡೆಯಾಚೆ ಕಂಪ್ರೆಸರಿನ ಸದ್ದು ಮಾತ್ರ.
ಒಂದೇ ಪಾಯಿಂಟಿಗೆ ಅವರು ಸೋತರು,
ಗೆದ್ದ ನನಗೆ ತಾಂಡೇಲನಿಂದ ಬೈಗುಳ:
“ಅದನ್ನು ಆಗಲೇ ಹಾಕ್ಲಿಕ್ಕೆ ಎಂತ ರೋಗ ನಿಂಗೆ?”
“ಇಸ್ಪೀಟು ಎಂಟರ ಬೆನ್ನಿಗೆ ಅಂಟಿಕೊಂಡಿತ್ತು,” ಅಂದೆ.
“ಎಲೆಯೆಲ್ಲ ಒದ್ದೆ. ನನಗೇ ಕಂಡಿರಲಿಲ್ಲ.”

ಇದಿನಬ್ಬ ನಕ್ಕು ನಕ್ಕು ಬಲೆಯ ಮೇಲೆ ಉರುಳಿದ.
ನಾನು ಕೇಳಿದೆ: “ಹಾಗಾದರೆ ತಪ್ಪು ಎಳೆದಿರಿ ಅಲ್ವಾ ಸೀತಕ್ಕ?”

“ಸೋತದ್ದು ಹೌದು ಮಾರಾಯ.
ತಪ್ಪಿದ್ದೆಲ್ಲಿ, ತೋರಿಸು.”

ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.
ಎಲೆ ಕಲಸುತ್ತಾ ಅವರೇ ಹೇಳಿದರು:
“ಹೋದ ವರ್ಷ ಕಾಣೆಯ ಬುಟ್ಟಿಯೊಂದರ
ಅಡಿಯಲ್ಲಿ ಬರೀ ಐಸು ಸಿಕ್ಕಿತು.
ಮರುದಿನ ಏಲಂ ಬಿಟ್ಟು ಮನೆಯಲ್ಲಿ ಕೂತೆನಾ?
ಆ ಬೋಟಿನವನ ಬೆಲೆ ಮಾತ್ರ ಇಳಿಸಿದೆ.
ಇನ್ನು ನಿನ್ನದೂ ಅಷ್ಟೆ.
ಹತ್ತರಲ್ಲಿ ಮೂರು ಸಲ ನಿನಗೆ ಎಲೆ ಅಂಟುತ್ತದೆ
ಅಂತ ಹಿಡಿದುಕೊಳ್ಳುವೆ.”

ಪರೀಕ್ಷೆಯಲ್ಲಿ ಎರಡು ಸಲವೂ ನಾನು ಬಿಟ್ಟ ಪ್ರಶ್ನೆ
ಇಷ್ಟೇ ಇತ್ತು.

ಇವತ್ತು ಮತ್ತೆ ತಾಂಡೇಲನ ಗುಲಾಮ ಗೆಲ್ಲುತ್ತಿದ್ದಾನೆ.
ನನ್ನ ಕೈಯಲ್ಲಿ ಒಂಬತ್ತು ಇದೆ,
ಅದರ ಪಕ್ಕದಲ್ಲಿ ಏಳು.
ಸುರಿದರೆ ಎರಡು ಪಾಯಿಂಟು ಈಗಲೇ ನಮ್ಮದು.
ಅಡಗಿಸಿದರೆ,
ಹತ್ತರಲ್ಲಿ ಆ ಮೂರನೆಯ ಸಲ ಇದೇ ಇರಬಹುದೆಂದು
ಅವರು ನಂಬಬೇಕು, ಅಥವಾ ನಂಬಬಾರದು,
ಯಾವುದೆಂದು ನನಗೇ ಗೊಂದಲ.

ಸೀತಕ್ಕ ನನ್ನ ಮುಖ ನೋಡುತ್ತಿಲ್ಲ.
ಗ್ಲಾಸೆತ್ತಿ ಅಡಿಯ ಚಾ ಉಂಗುರವನ್ನು
ಸೆರಗಿನ ತುದಿಯಿಂದ ಒರೆಸುತ್ತಿದ್ದಾರೆ.
ಬೆಳಗಿನಿಂದ ಹೊರಗೆ ಒಂದು ಹನಿ ಬಿದ್ದಿಲ್ಲ,
ಎಲೆಗಳು ಹಪ್ಪಳದ ಹಾಗೆ ಒಣಗಿವೆ.
ಅದೂ ಅವರಿಗೆ ಗೊತ್ತುಂಟು.